ಕೊಳೆತ ಮರದ ಅಣಬೆ: ಗುರುತು ಹಿಡಿಯುವ ಕ್ರಮ

ಮುಂಗಾರಿನ ಗುಡುಗು ಮೊಳಗಿ ಎರಡು ದಿನ ಕಳೆಯುವಷ್ಟರಲ್ಲಿ ಹೊಲದ ಬದುಗಳಲ್ಲಿ, ಹುತ್ತದ ಮಗ್ಗುಲಲ್ಲಿ, ಬಿದ್ದ ಮರದ ಮೈಮೇಲೆ ಅಣಬೆಗಳು ತಲೆಯೆತ್ತುವುದು ಹಳ್ಳಿಗರೆಲ್ಲರೂ ಬಲ್ಲ ಸಂಗತಿ. ಗುಡುಗಿಗೂ ಅಣಬೆಗೂ ನಂಟು ಕಲ್ಪಿಸುವ ಈ ನಂಬಿಕೆ ಬಹಳ ಹಳೆಯದು. ಮೇಘದೂತದಲ್ಲಿ ಕಾಳಿದಾಸನು ಮೋಡದ ಗರ್ಜನೆಯು ಭೂಮಿಯಲ್ಲಿ ಶಿಲೀಂಧ್ರಗಳನ್ನು ಮೂಡಿಸುವುದೆಂದು ವರ್ಣಿಸಿದ್ದಾನೆ. ಆ ಶಬ್ದಕ್ಕೆ ಅಣಬೆಯೆಂದು ಅರ್ಥ ಹೇಳಿದವರೂ ಉಂಟು, ಕಂದಲಿಯ ಹೂವೆಂದು ಹೇಳಿದವರೂ ಉಂಟು. ಇಂದಿನ ಕನ್ನಡ ವಿಜ್ಞಾನಗ್ರಂಥಗಳಲ್ಲಾದರೋ ಅದೇ ಶಬ್ದವು ರೊಟ್ಟಿಯ ಮೇಲಿನ ಬೂಷ್ಟಿನಿಂದ ಹಿಡಿದು ಕಾಡಿನ ಕೊಡೆಯಣಬೆಯವರೆಗಿನ ಇಡೀ ಕುಲಕ್ಕೆ ಸಲ್ಲುತ್ತದೆ. ಹೆಸರು ಒಂದು, ವಸ್ತುಗಳು ಹಲವು. ಅಣಬೆಯ ವಿಷಯದಲ್ಲಿ ಆಗುವ ಅನರ್ಥಗಳಿಗೆಲ್ಲ ಮೂಲವಿರುವುದು ಇಲ್ಲಿಯೇ.

ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಸೀಮೆಗಳ ಆಡುಮಾತಿನಲ್ಲಿಯೂ ಸ್ಥಿತಿ ಇದೇ. ತಿನ್ನಲು ಬರುವುದು ಅಣಬೆ, ಬಾರದ್ದು ನಾಯಿಕೊಡೆ ಎಂಬ ಸ್ಥೂಲವಾದ ವಿಭಾಗವೊಂದು ಬಳಕೆಯಲ್ಲಿದೆ. ಆದರೆ ಯಾವುದು ಅಣಬೆ, ಯಾವುದು ನಾಯಿಕೊಡೆ ಎಂಬುದನ್ನು ಆ ಹೆಸರುಗಳು ತಿಳಿಸಲಾರವು. ಅದನ್ನು ನೋಡಿ ತಿಳಿದ ಹಿರಿಯರ ಕಣ್ಣು ತಿಳಿಸುತ್ತಿತ್ತು. ಆ ಹಿರಿಯರು ವಿರಳವಾಗುತ್ತಿರುವ ಈ ದಿನಗಳಲ್ಲಿ, ಗುರುತು ಹಿಡಿಯುವ ಕ್ರಮವನ್ನು ಶಾಸ್ತ್ರೀಯವಾಗಿ ಕಲಿಯುವುದು ಅಗತ್ಯವಾಗಿದೆ.

ವಿಷಯವು ಸ್ಪಷ್ಟವಾಗಲೆಂದು ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಬಹುದು. ವಿದ್ಯಾರ್ಥಿನಿಲಯದ ಬಾಲಕನೊಬ್ಬನು ತೋಟದ ಅಂಚಿನಲ್ಲಿ ಬಿದ್ದು ಕೊಳೆಯುತ್ತಿದ್ದ ಮಾವಿನ ದಿಮ್ಮಿಯಿಂದ ಬಿಳಿಯ ಅಣಬೆಗಳ ಗೊಂಚಲೊಂದನ್ನು ಕಿತ್ತು ತಂದು, "ಮೇಷ್ಟ್ರೇ, ಇದು ತಿನ್ನೋ ಅಣಬೆಯಾ?" ಎಂದು ಕೇಳುತ್ತಾನೆ. ಉಪಾಧ್ಯಾಯನು ಏನೆಂದು ಉತ್ತರಿಸಬೇಕು? ಈ ಒಂದು ಪ್ರಶ್ನೆಗೆ ಸಮಾಧಾನವನ್ನು ಹುಡುಕುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲ ಪ್ರಶ್ನೆ: ಎಲ್ಲಿ ಬೆಳೆದದ್ದು?

ಪ್ರಾಚೀನರು ಅಣಬೆಗಳನ್ನು ವಿಂಗಡಿಸಿದ ರೀತಿ ಗಮನಾರ್ಹವಾದುದು. ಸುಶ್ರುತಸಂಹಿತೆಯ ಸೂತ್ರಸ್ಥಾನದ 46ನೆಯ ಅಧ್ಯಾಯದಲ್ಲಿ, ಆಹಾರದ್ರವ್ಯಗಳನ್ನು ವಿವರಿಸುವ ಸಂದರ್ಭದಲ್ಲಿ, ಉದ್ಭಿದಗಳೆಂಬ ಹೆಸರಿನಿಂದ ಇವುಗಳನ್ನು ಐದು ಬಗೆಯಾಗಿ ಹೇಳಿದೆ: ಹುಲ್ಲಿನಲ್ಲಿ ಹುಟ್ಟಿದ್ದು, ಕಬ್ಬಿನಲ್ಲಿ ಹುಟ್ಟಿದ್ದು, ಸಗಣಿಯಲ್ಲಿ ಹುಟ್ಟಿದ್ದು, ಬಿದಿರಿನಲ್ಲಿ ಹುಟ್ಟಿದ್ದು, ನೆಲದಲ್ಲಿ ಹುಟ್ಟಿದ್ದು. ಬಣ್ಣವನ್ನಾಗಲಿ ಗಾತ್ರವನ್ನಾಗಲಿ ಹಿಡಿಯದೆ ಆಶ್ರಯವನ್ನೇ ಮುಖ್ಯವೆಂದು ಎಣಿಸಿರುವುದು ಸೂಕ್ಷ್ಮದೃಷ್ಟಿಗೆ ಸಾಕ್ಷಿ. ಇಂದಿನ ವಿಜ್ಞಾನಿಯೂ ಮೊದಲು ಕೇಳುವ ಪ್ರಶ್ನೆ ಇದೇ ಆಗಿದೆ. ಭತ್ತದ ಹುಲ್ಲಿನ ಮೆದೆ, ಆಲೆಮನೆಯ ಬಳಿಯ ಕಬ್ಬಿನ ಸಿಪ್ಪೆ, ತಿಪ್ಪೆ, ಬಿದಿರ ಮೆಳೆ, ಹುತ್ತದ ನೆಲ ಇವೆಲ್ಲವೂ ಇರುವ ಮಂಡ್ಯ ಜಿಲ್ಲೆಯವರಿಗೆ ಸುಶ್ರುತನ ಪಟ್ಟಿ ಅಪರಿಚಿತವೆನಿಸದು.

ಈ ಪಟ್ಟಿಯಲ್ಲಿ ಕೊಳೆತ ಮರವು ಪ್ರತ್ಯೇಕವಾಗಿ ಬಂದಿಲ್ಲ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿಯಾದರೋ ಅದಕ್ಕೆ ದೊಡ್ಡ ಸ್ಥಾನವಿದೆ. ಕಾವೇರಿಯ ನಾಲೆಗಳ ಬದಿಯ ಹೊಂಗೆ, ಮಾವು. ಕರಿಘಟ್ಟ ಹಾಗೂ ಕುಂತಿಬೆಟ್ಟಗಳ ಸುತ್ತಣ ಕುರುಚಲು. ಮೇಲುಕೋಟೆಯಿಂದ ನಾರಾಯಣದುರ್ಗದ ಕಡೆಗೆ ಚಾಚಿಕೊಂಡ ಎಲೆಯುದುರುವ ಕಾಡು. ಕೃಷ್ಣರಾಜಪೇಟೆ, ನಾಗಮಂಗಲಗಳ ತೆಂಗಿನ ತೋಟಗಳು: ಇವೆಲ್ಲೆಡೆ ಒಣಗಿದ ಬೊಡ್ಡೆಗಳೂ ಬಿದ್ದ ಕೊಂಬೆಗಳೂ ಇದ್ದೇ ಇರುತ್ತವೆ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ ಅಣಬೆಗಳು ಮಲೆನಾಡಿನಂತೆ ತಿಂಗಳುಗಟ್ಟಲೆ ಕಾಣಸಿಗುವುದಿಲ್ಲ. ಮುಂಗಾರಿನ ಮೊದಲ ಮಳೆಗಳಲ್ಲಿ ಕೆಲವು ದಿನ, ಮತ್ತೆ ಉತ್ತರೆ, ಹಸ್ತ, ಚಿತ್ತೆ ಮಳೆಗಳ ಕಾಲದಲ್ಲಿ ಕೆಲವು ವಾರ ಕಾಣಿಸಿಕೊಂಡು ಮರೆಯಾಗುತ್ತವೆ.

ಮರದ ಮೇಲೆ ಕಾಣುವ ಅಣಬೆಯು ಮರದೊಳಗಿರುವ ಜೀವಿಯ ಫಲಮಾತ್ರ ಎಂಬುದನ್ನು ಇಲ್ಲಿ ನೆನಪಿಡಬೇಕು. ನಿಜವಾದ ಶರೀರವು ದಾರಕ್ಕಿಂತ ನವುರಾದ ಬಿಳಿಯ ಎಳೆಗಳ ಜಾಲವಾಗಿ ಮರದೊಳಗೆ ಹಬ್ಬಿರುತ್ತದೆ. ಮರಕ್ಕೆ ಗಡಸುತನವನ್ನು ಕೊಡುವ ಲಿಗ್ನಿನ್ ಎಂಬ ಪದಾರ್ಥವನ್ನು ಪೂರ್ಣವಾಗಿ ಕರಗಿಸಬಲ್ಲ ಶಕ್ತಿ ಬಹುಮಟ್ಟಿಗೆ ಈ ಕುಲದ ಕೆಲವು ಜೀವಿಗಳಿಗೇ ಮೀಸಲು. ಅಂಥ ಅಣಬೆ ಹಿಡಿದ ಮರವು ಬಿಳಿಚಿಕೊಂಡು ನಾರುನಾರಾಗುತ್ತದೆ. ಇದನ್ನು ಬಿಳಿ ಕೊಳೆ ಎನ್ನುತ್ತಾರೆ. ಲಿಗ್ನಿನ್ ಅನ್ನು ಬಿಟ್ಟು ಉಳಿದುದನ್ನು ತಿನ್ನುವ ಅಣಬೆಯಾದರೆ ಮರವು ಕಂದುಬಣ್ಣಕ್ಕೆ ತಿರುಗಿ ಚೌಕಚೌಕವಾಗಿ ಬಿರಿಯುತ್ತದೆ. ಅದು ಕಂದು ಕೊಳೆ. ಆದ್ದರಿಂದ ಅಣಬೆಯನ್ನು ಕಿತ್ತು ತಂದರೆ ಸಾಲದು. ಅದು ಯಾವ ಮರ, ಜೀವವಿದ್ದ ಮರವೇ ಸತ್ತ ಮರವೇ, ಕೊಳೆ ಯಾವ ಬಗೆಯದು ಎಂಬುದನ್ನು ಸ್ಥಳದಲ್ಲಿಯೇ ನೋಡಬೇಕು. ಬಾಲಕನೊಡನೆ ಉಪಾಧ್ಯಾಯನು ಮಾವಿನ ದಿಮ್ಮಿಯವರೆಗೆ ನಡೆದುಹೋಗುವುದೇ ಪಾಠದ ಮೊದಲ ಹೆಜ್ಜೆ.

ಲಕ್ಷಣದ ಮೂರು ದೋಷಗಳು

ಯಾವುದೇ ವಸ್ತುವಿನ ಗುರುತನ್ನು ಹೇಳುವಾಗ ಆ ಗುರುತು ಮೂರು ದೋಷಗಳಿಂದ ದೂರವಾಗಿರಬೇಕೆಂದು ನ್ಯಾಯಶಾಸ್ತ್ರವು ವಿಧಿಸುತ್ತದೆ. ಹಸುವೆಂದರೆ ಕಪಿಲವರ್ಣದ್ದು ಎಂದರೆ ಬಿಳಿಯ ಹಸು ಹೊರಗುಳಿಯುತ್ತದೆ, ಇದು ಅವ್ಯಾಪ್ತಿ. ಹಸುವೆಂದರೆ ಕೊಂಬುಳ್ಳದ್ದು ಎಂದರೆ ಎಮ್ಮೆಯೂ ಒಳಬರುತ್ತದೆ, ಇದು ಅತಿವ್ಯಾಪ್ತಿ. ಹಸುವೆಂದರೆ ಒಂಟಿಗೊರಸಿನದು ಎಂದರೆ ಅಂಥ ಹಸುವೇ ಇಲ್ಲ, ಇದು ಅಸಂಭವ. ಅಣಬೆಯ ಬಗೆಗೆ ಜನರಲ್ಲಿ ಪ್ರಚಲಿತವಾಗಿರುವ ಗುರುತುಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡುವುದು ಉಚಿತ.

ಬಣ್ಣ ಗಾಢವಾಗಿದ್ದರೆ ವಿಷ, ಬೆಳ್ಳಗಿದ್ದರೆ ನಿರಪಾಯ ಎಂಬುದೊಂದು ಮಾತು. ಜಗತ್ತಿನ ಅತ್ಯಂತ ಮಾರಕವಾದ ಅಣಬೆಗಳಲ್ಲಿ ಅಮಾನಿಟಾ ಕುಲದ ಕೆಲವು ಅಚ್ಚ ಬಿಳಿಯವು. ಆದ್ದರಿಂದ ಈ ಗುರುತಿಗೆ ಅವ್ಯಾಪ್ತಿದೋಷ ತಗಲುತ್ತದೆ. ಬೇಯಿಸುವಾಗ ಬೆಳ್ಳಿಯ ನಾಣ್ಯವನ್ನು ಹಾಕಿ ಅದು ಕಪ್ಪಾದರೆ ವಿಷವೆನ್ನುವುದು ಇನ್ನೊಂದು ಪರೀಕ್ಷೆ. ಬೆಳ್ಳಿ ಕಪ್ಪಾಗುವುದು ಗಂಧಕದ ಅಂಶದಿಂದ. ಪ್ರಾಣ ತೆಗೆಯುವ ಅಣಬೆಯ ವಿಷಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಹುಳು ತಿಂದಿದ್ದರೆ ಮನುಷ್ಯನೂ ತಿನ್ನಬಹುದೆಂಬುದು ಮೂರನೆಯದು. ಮನುಷ್ಯನಿಗೆ ವಿಷವಾದುದನ್ನು ಗೊಂಡೆಹುಳುಗಳೂ ಕೀಟಗಳೂ ಸುಖವಾಗಿ ತಿಂದಿರುವುದುಂಟು. ಇನ್ನು ಚೆನ್ನಾಗಿ ಬೇಯಿಸಿದರೆ ವಿಷವಿಳಿಯುವುದೆಂಬ ನಂಬಿಕೆಯೂ ಸುಳ್ಳು. ಅಮಾನಿಟಾದ ವಿಷವು ಕುದಿಸಿದರೂ ಒಣಗಿಸಿದರೂ ನಾಶವಾಗುವುದಿಲ್ಲ.

ಪ್ರಸ್ತುತ ವಿಷಯಕ್ಕೆ ಹತ್ತಿರವಾದ ನಂಬಿಕೆಯೊಂದಿದೆ. ಅದೆಂದರೆ, ನೆಲದ ಅಣಬೆ ಅಪಾಯ, ಮರದ ಅಣಬೆ ನಿರಪಾಯ ಎಂಬುದು. ಇದು ಅತಿವ್ಯಾಪ್ತಿಗೆ ಉದಾಹರಣೆ. ಜಪಾನಿನಲ್ಲಿ ತ್ಸುಕಿಯೊತಾಕೆ ಎಂಬ ಅಣಬೆಯು ಸತ್ತ ಮರದ ಮೇಲೆಯೇ ಬೆಳೆಯುತ್ತದೆ, ತಿನ್ನುವ ಅಣಬೆಗಳನ್ನು ಹೋಲುತ್ತದೆ, ಮತ್ತು ಆ ದೇಶದಲ್ಲಿ ಅಣಬೆಯಿಂದಾಗುವ ವಿಷಬಾಧೆಗೆ ಪ್ರಮುಖ ಕಾರಣವೂ ಆಗಿದೆ. ಅದೇ ದೇಶದಲ್ಲಿ ಸುಗಿಹಿರತಾಕೆ ಎಂಬ ಬಿಳಿಯ ಅಣಬೆಯನ್ನು ಕೊಳೆತ ಮರದಿಂದ ಕಿತ್ತು ಜನರು ತಲೆಮಾರುಗಳಿಂದ ತಿನ್ನುತ್ತಿದ್ದರು. 2004ರ ಶರತ್ಕಾಲದಲ್ಲಿ ಅದನ್ನು ತಿಂದವರಲ್ಲಿ ಐವತ್ತಕ್ಕೂ ಹೆಚ್ಚು ಜನರು ಅಸ್ವಸ್ಥರಾಗಿ 17 ಮಂದಿ ಮೃತರಾದರು. ಅವರಲ್ಲಿ ಬಹುಮಂದಿ ಮೂತ್ರಪಿಂಡದ ಕಾಯಿಲೆಯಿದ್ದವರು. ಹಿರಿಯರು ತಿಂದಿದ್ದರೆಂಬ ಮಾತೂ ಎಲ್ಲರಿಗೂ ಎಲ್ಲ ಕಾಲಕ್ಕೂ ಪ್ರಮಾಣವಾಗದೆಂಬುದನ್ನು ಈ ದುರಂತವು ತೋರಿಸಿತು.

ಐದು ಪರೀಕ್ಷೆಗಳು

ಹಾಗಾದರೆ ಸರಿಯಾದ ಗುರುತು ಯಾವುದು? ಒಂದೇ ಗುರುತು ಇಲ್ಲವೆಂಬುದೇ ಉತ್ತರ. ಹಲವು ಗುರುತುಗಳು ಒಟ್ಟುಗೂಡಿದಾಗ ಮಾತ್ರ ನಿಶ್ಚಯವು ಹುಟ್ಟುತ್ತದೆ. ಇವುಗಳನ್ನು ಐದಾಗಿ ಎಣಿಸಬಹುದು.

ಮೊದಲನೆಯದು ಆಶ್ರಯ. ಇದನ್ನು ಮೇಲೆ ಹೇಳಿದೆ.

ಎರಡನೆಯದು ತೊಟ್ಟು. ತೊಟ್ಟು ಕೊಡೆಯ ನಡುವಿನಲ್ಲಿದೆಯೇ, ಪಕ್ಕದಲ್ಲಿದೆಯೇ, ಇಲ್ಲವೇ ಇಲ್ಲವೇ ಎಂದು ನೋಡಬೇಕು. ತೊಟ್ಟಿನ ಮೇಲೆ ಬಳೆಯಂಥ ಉಂಗುರವೂ ಬುಡದಲ್ಲಿ ಬಟ್ಟಲಿನಂಥ ಚೀಲವೂ ಇದ್ದರೆ ಅಮಾನಿಟಾ ಕುಲವೆಂದು ಶಂಕಿಸಿ ಕೂಡಲೇ ದೂರವಿಡಬೇಕು. ಬುಡದ ಚೀಲವು ಮಣ್ಣಿನಲ್ಲಿ ಹುದುಗಿರುವುದರಿಂದ ಮೇಲಿನಿಂದ ಕಿತ್ತ ಅಣಬೆಯಲ್ಲಿ ಅದು ಕಾಣುವುದಿಲ್ಲ. ಹುದುಗಿದ ಬೇರಿನ ಮೇಲೆ ಬೆಳೆದದ್ದೂ ನೆಲದಿಂದ ಎದ್ದದ್ದೂ ಮೇಲುನೋಟಕ್ಕೆ ಒಂದೇ ಆಗಿ ತೋರುವುದರಿಂದ ಬುಡಸಹಿತ ಅಗೆದು ನೋಡುವುದು ಕರ್ತವ್ಯ.

ಮೂರನೆಯದು ಅಡಿಭಾಗ. ಕೊಡೆಯನ್ನು ಮಗುಚಿದಾಗ ಪುಸ್ತಕದ ಹಾಳೆಗಳಂತೆ ಪದರುಗಳಿರಬಹುದು, ಸೂಜಿಮೊನೆಯಷ್ಟು ಚಿಕ್ಕ ರಂಧ್ರಗಳಿರಬಹುದು, ಇಲ್ಲವೇ ನುಣುಪಾಗಿರಬಹುದು. ಪದರುಗಳು ತೊಟ್ಟಿನ ಬಳಿಗೆ ಬಂದು ನಿಲ್ಲುವವೋ, ತೊಟ್ಟಿನ ಮೇಲೆ ಇಳಿದು ಹರಿಯುವವೋ ಎಂಬುದೂ ಮುಖ್ಯ.

ನಾಲ್ಕನೆಯದು ಮೈ. ಅದು ಮೆತ್ತಗಿದೆಯೇ, ತೊಗಲಿನಂತೆ ಜಿಗಿಯೇ, ಕಟ್ಟಿಗೆಯಂತೆ ಗಟ್ಟಿಯೇ, ಲೋಳೆಯಂತಿದೆಯೇ. ಸೀಳಿದಾಗ ಬಣ್ಣ ಬದಲಾಗುವುದೇ. ವಾಸನೆ ಎಂಥದು ಎಂಬುದನ್ನು ಪರಿಶೀಲಿಸಬೇಕು. ನಾಲಗೆಗೆ ಹಚ್ಚಿ ನೋಡುವುದು ವಿದ್ಯಾರ್ಥಿಗಳಿಗೆ ಸಲ್ಲದು.

ಐದನೆಯದು ಬೀಜಾಣುಗಳ ಮುದ್ರೆ. ಇದು ಶಾಲೆಯಲ್ಲಿ ಸುಲಭವಾಗಿ ಮಾಡಬಹುದಾದ ಪ್ರಯೋಗ. ಬಲಿತ ಅಣಬೆಯ ತೊಟ್ಟನ್ನು ಕತ್ತರಿಸಿ, ಅರ್ಧ ಬಿಳಿ ಅರ್ಧ ಕಪ್ಪು ಇರುವ ಕಾಗದದ ಮೇಲೆ ಅಡಿಭಾಗ ಕೆಳಗಾಗುವಂತೆ ಇಟ್ಟು, ಮೇಲೆ ಬಟ್ಟಲನ್ನು ಕವುಚಿ ಒಂದು ರಾತ್ರಿ ಬಿಡಬೇಕು. ಬೆಳಗ್ಗೆ ಬಟ್ಟಲನ್ನೂ ಅಣಬೆಯನ್ನೂ ತೆಗೆದರೆ ಉದುರಿದ ಬೀಜಾಣುಗಳು ರಂಗೋಲಿಯಂತೆ ಕಾಗದದ ಮೇಲೆ ಅಚ್ಚೊತ್ತಿರುತ್ತವೆ. ಕೊಡೆಯ ಬಣ್ಣವು ಬಿಸಿಲು ಮಳೆಗಳಿಂದ ಮಾಸಬಹುದು, ಮುದ್ರೆಯ ಬಣ್ಣವು ಅಷ್ಟು ಸುಲಭವಾಗಿ ಮೋಸಗೊಳಿಸದು. ಹುಲ್ಲುನೆಲದಲ್ಲಿ ಬೆಳೆದು ಅನೇಕರಿಗೆ ವಾಂತಿಭೇದಿಯನ್ನುಂಟುಮಾಡುವ ಕ್ಲೋರೋಫಿಲ್ಲಮ್ ಎಂಬ ದೊಡ್ಡ ಬಿಳಿಯ ಅಣಬೆ ತನ್ನ ಹಸಿರು ಮುದ್ರೆಯಿಂದಲೇ ಸಿಕ್ಕಿಬೀಳುತ್ತದೆ.

ನಮ್ಮ ಸೀಮೆಯ ಕೆಲವು ಮರದ ಅಣಬೆಗಳು

ವಿಜ್ಞಾನಿಗಳು ಇಟ್ಟಿರುವ ಹೆಸರುಗಳು ಕಿವಿಗೆ ಕಠಿಣವಾಗಿ ತೋರಿದರೂ ಅವುಗಳಲ್ಲಿ ಬಹುಪಾಲು ಅನ್ವರ್ಥನಾಮಗಳು. ಗ್ರೀಕ್ ಭಾಷೆಯಲ್ಲಿ ಸ್ಕಿಜೋ ಎಂದರೆ ಸೀಳು, ಫಿಲ್ಲಮ್ ಎಂದರೆ ಎಲೆ. ಸೀಳಿದ ಪದರುಗಳುಳ್ಳ ಅಣಬೆಯೇ ಸ್ಕಿಜೋಫಿಲ್ಲಮ್. ಸತ್ತ ಕೊಂಬೆಗಳ ಮೇಲೆ, ಸೌದೆಯ ರಾಶಿಯಲ್ಲಿ ಬೆರಳುಗುರಿನಷ್ಟರಿಂದ ಎರಡು ಮೂರು ಅಂಗುಲದವರೆಗಿನ ಬೂದುಬಿಳುಪಿನ ಬೀಸಣಿಗೆಗಳು ಸಾಲಾಗಿ ಕಂಡರೆ, ಮೇಲ್ಮೈಯಲ್ಲಿ ನವುರಾದ ರೋಮಗಳಿದ್ದರೆ, ಅಡಿಯ ಪದರುಗಳ ಅಂಚು ಉದ್ದಕ್ಕೂ ಎರಡಾಗಿ ಸೀಳಿದ್ದರೆ ಅದು ಇದೇ. ಬಿಸಿಲಿಗೆ ಸುರುಟಿಕೊಂಡು ಮಳೆಗೆ ಮತ್ತೆ ಅರಳುತ್ತದೆ. 20ನೆಯ ಶತಮಾನದ ಆರಂಭದಲ್ಲಿ ಬಲ್ಲರ್ ಎಂಬ ವಿಜ್ಞಾನಿಯು ಒಣಗಿಸಿ ಗಾಜಿನ ನಳಿಕೆಯಲ್ಲಿ ಮುಚ್ಚಿಟ್ಟಿದ್ದ ಮಾದರಿಗಳು ಅರ್ಧ ಶತಮಾನದ ನಂತರ ನೀರು ತಗುಲಿದೊಡನೆ ಚೇತರಿಸಿಕೊಂಡವೆಂಬುದು ಪ್ರಸಿದ್ಧ. ಮಣಿಪುರದಲ್ಲಿ ಇದನ್ನು ಆಹಾರವಾಗಿ ಬಳಸುತ್ತಾರೆ.

ಪ್ಲೂರೋಟಸ್ ಎಂದರೆ ಪಕ್ಕದ ಕಿವಿ. ತೊಟ್ಟು ಪಕ್ಕಕ್ಕಿದ್ದು ಕೊಡೆಯು ಚಿಪ್ಪಿನಾಕಾರವಾಗಿರುವುದರಿಂದ ಕನ್ನಡದಲ್ಲಿ ಚಿಪ್ಪಣಬೆಯೆಂಬ ಹೆಸರು ಬಂದಿದೆ. ಮೆತ್ತನೆಯ ಮೈ, ತೊಟ್ಟಿನ ಮೇಲೆ ಇಳಿದುಬರುವ ಬಿಳಿಯ ಪದರು, ಬಿಳಿ ಅಥವಾ ಬಹು ತೆಳುವಾದ ಮುದ್ರೆ ಇದರ ಗುರುತುಗಳು. ಭತ್ತದ ಹುಲ್ಲಿನಲ್ಲಿ ಬೆಳೆಸಿ ಪೇಟೆಯಲ್ಲಿ ಮಾರುವುದು ಇದರ ಜಾತಿಗಳನ್ನೇ.

ಮರಕಿವಿಯಂತೆ ಕಂದಾಗಿ, ಮಳೆಯಲ್ಲಿ ಲೋಳೆಯಂತೆ ಉಬ್ಬಿ, ಬಿಸಿಲಿನಲ್ಲಿ ಕಪ್ಪಾಗಿ ಮುದುರುವುದು ಆರಿಕ್ಯುಲೇರಿಯಾ. ಲ್ಯಾಟಿನ್ ಭಾಷೆಯಲ್ಲಿ ಆರಿಕ್ಯುಲಾ ಎಂದರೆ ಕಿವಿಯೇ. ಬಿಸಿಲು ಬೀಳುವ ಒಣದಿಮ್ಮಿಯ ಮೇಲೆ ಕುಂಕುಮ ಬಳಿದಂತೆ ಕೆಂಪುಕಿತ್ತಳೆಯಾಗಿ, ತೆಳುವಾಗಿ, ಗಟ್ಟಿಯಾಗಿ, ಅಡಿಯಲ್ಲಿ ರಂಧ್ರಗಳಿಂದ ಕೂಡಿರುವುದು ಪಿಕ್ನೋಪೋರಸ್. ಇದು ಆಹಾರಕ್ಕೆ ಒದಗುವಂಥದಲ್ಲ.

ಕೊನೆಯದು ಗ್ಯಾನೊಡರ್ಮಾ, ಎಂದರೆ ಹೊಳೆಯುವ ಚರ್ಮವುಳ್ಳದ್ದು. ವಾರ್ನಿಷ್ ಹಚ್ಚಿದಂತೆ ಮಿರುಗುವ ಕೆಂಗಂದು ಮೈ, ಕಟ್ಟಿಗೆಯಂಥ ಗಡಸು, ಅಡಿಯಲ್ಲಿ ಬಿಳಿಯ ರಂಧ್ರಗಳು, ಸುತ್ತಲೂ ಕಂದುಬಣ್ಣದ ಧೂಳಿನಂತೆ ಉದುರಿದ ಬೀಜಾಣು. ಚೀನಾದಲ್ಲಿ ಲಿಂಗ್‌ಝಿ ಎಂಬ ಹೆಸರಿನಿಂದ ಔಷಧವಾಗಿ ಪೂಜ್ಯವಾದುದು ಇದರ ಒಂದು ಜಾತಿ. ಯುರೋಪಿನ ಗ್ಯಾನೊಡರ್ಮಾ ಲ್ಯೂಸಿಡಮ್ ಎಂಬ ಹೆಸರಿನಿಂದಲೇ ಅದನ್ನೂ ಬಹುಕಾಲ ಕರೆಯುತ್ತಿದ್ದರು. ಅದು ಬೇರೆಯೇ ಜಾತಿಯೆಂದು ನಿರ್ಣಯಿಸಿ 2012ರಲ್ಲಿ ಗ್ಯಾನೊಡರ್ಮಾ ಲಿಂಗ್‌ಝಿ ಎಂಬ ಹೊಸ ಹೆಸರನ್ನು ಕೊಡಲಾಯಿತು. ಪ್ರಯೋಗಶಾಲೆಗಳಲ್ಲಿಯೂ ಹೆಸರು ಒಂದು, ವಸ್ತು ಹಲವು ಎಂಬ ದೋಷ ನುಸುಳಬಲ್ಲದೆಂಬುದಕ್ಕೆ ಇದು ನಿದರ್ಶನ. ಹೀಗಿರಲು ತೋಟದಲ್ಲಿ ಕಂಡ ಹೊಳಪಿನ ಅಣಬೆಯನ್ನು ಪೇಟೆಯ ಔಷಧವೇ ಎಂದು ಭಾವಿಸಿ ಪುಡಿಮಾಡಿ ಕುಡಿಯುವುದು ಅವಿವೇಕ.

ತಿನ್ನದವರಿಗೂ ಬೇಕಾದ ವಿದ್ಯೆ

ಮನುಸ್ಮೃತಿಯ ಐದನೆಯ ಅಧ್ಯಾಯವು ಕವಕ, ಛತ್ರಾಕಗಳನ್ನು ದ್ವಿಜರಿಗೆ ನಿಷೇಧಿಸಿದೆ. ಇಂದಿಗೂ ಅನೇಕ ಮನೆಗಳಲ್ಲಿ ಅಣಬೆಯನ್ನು ಒಳಕ್ಕೆ ತರುವುದಿಲ್ಲ. ಅಂಥವರಿಗೆ ಈ ವಿಚಾರವೇಕೆಂದು ಕೇಳಬಹುದು. ಗ್ಯಾನೊಡರ್ಮಾ ಇದಕ್ಕೆ ಉತ್ತರ ಹೇಳುತ್ತದೆ. ಅದು ಸತ್ತ ಬೊಡ್ಡೆಯ ಮೇಲೆ ಬದುಕುವಂತೆಯೇ ಜೀವವಿರುವ ಮರದ ಬೇರನ್ನೂ ಹೊಕ್ಕು ಕೊಳೆಯಿಸಬಲ್ಲದು. ಅಡಕೆ ಮತ್ತು ತೆಂಗಿಗೆ ಅದರಿಂದ ಬರುವ ಬೇನೆಗೆ ಕನ್ನಡದ ರೈತರು ಅಣಬೆ ರೋಗವೆಂದೇ ಹೆಸರಿಟ್ಟಿದ್ದಾರೆ.

ತೆಂಗಿನಲ್ಲಿ ಕೆಳಗರಿಗಳು ಹಳದಿಯಾಗಿ ಜೋತುಬೀಳುವುದು, ಕಾಂಡದ ಬುಡದಿಂದ ಕೆಂಗಂದು ರಸ ಒಸರುವುದು, ಕಾಯಿ ಇಳಿಮುಖವಾಗುವುದು ಮೊದಲ ಚಿಹ್ನೆಗಳು. ಬುಡದಲ್ಲಿ ಅಣಬೆ ಮೂಡುವುದು ಬಹಳ ತಡವಾಗಿ, ಕೆಲವೊಮ್ಮೆ ಮರ ಸತ್ತ ಮೇಲೆ. ಮರವೊಂದು ಸತ್ತಾಗ ಕಾಂಡವನ್ನು ಕಡಿದು ಬೊಡ್ಡೆಯನ್ನು ನೆಲದಲ್ಲಿಯೇ ಬಿಡುವ ರೂಢಿಯುಂಟು. ಆ ಬೊಡ್ಡೆಯೇ ರೋಗದ ಕಣಜವಾಗಿ ನೆರೆಮರಗಳಿಗೆ ಹಬ್ಬುತ್ತದೆ. ಆದ್ದರಿಂದ ಬೊಡ್ಡೆಯನ್ನು ಬೇರುಸಹಿತ ಅಗೆದು ಸುಡಬೇಕು. ರೋಗದ ಮರದ ಸುತ್ತ ಕಂದಕ ತೋಡಿ ಬೇರ್ಪಡಿಸಬೇಕು. ಅದರ ಬುಡದಿಂದ ಉಳಿದ ಮರಗಳಿಗೆ ನೀರು ಹರಿಯದಂತೆ ನೋಡಿಕೊಳ್ಳಬೇಕು. ಮರವೊಂದಕ್ಕೆ ವರ್ಷಕ್ಕೆ 5 ಕಿಲೋಗ್ರಾಂ ಬೇವಿನ ಹಿಂಡಿಯನ್ನು, ಜೊತೆಗೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಕೊಡುವುದು ತಜ್ಞರು ಒಪ್ಪಿದ ಕ್ರಮ. ಕನ್ನಡ ನಾಡಿನವರೇ ಆದ ಶಿಲೀಂಧ್ರವಿಜ್ಞಾನಿ ಎಂ. ಜೆ. ತಿರುಮಲಾಚಾರ್ ಅವರು ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸಂಸ್ಥೆಯಲ್ಲಿ ಸಹೋದ್ಯೋಗಿಗಳೊಡನೆ 1960ರ ದಶಕದಲ್ಲಿ ರೂಪಿಸಿದ ಆರಿಯೋಫಂಗಿನ್ ಎಂಬ ಔಷಧವನ್ನು ಬೇರಿನ ಮೂಲಕ ತೆಂಗಿಗೆ ಉಣಿಸುವ ಪದ್ಧತಿಯೂ ಮುಂದೆ ಬಳಕೆಗೆ ಬಂದಿತು. ಬುಡದ ಅಣಬೆಯನ್ನು ಮುರಿದೆಸೆದ ಮಾತ್ರಕ್ಕೆ ರೋಗ ಹೋಗಲಿಲ್ಲವೆಂಬುದನ್ನು, ಅಣಬೆಯು ಫಲಮಾತ್ರ, ಶರೀರವು ಒಳಗಿದೆ ಎಂಬ ಪಾಠವನ್ನು ಅರಿತವನು ಸುಲಭವಾಗಿ ಗ್ರಹಿಸುತ್ತಾನೆ.

ಬಾಲಕನಿಗೆ ಉತ್ತರ

ಈಗ ಮಾವಿನ ದಿಮ್ಮಿಯ ಗೊಂಚಲಿಗೆ ಹಿಂದಿರುಗಬಹುದು. ಆಶ್ರಯವು ಸತ್ತ ಮಾವು, ಕೊಳೆ ಬಿಳಿಯದು. ತೊಟ್ಟು ಪಕ್ಕಕ್ಕಿದೆ, ಉಂಗುರವಿಲ್ಲ, ಬುಡದಲ್ಲಿ ಚೀಲವಿಲ್ಲ. ಪದರುಗಳು ತೊಟ್ಟಿನ ಮೇಲೆ ಇಳಿದಿವೆ. ಮೈ ಮೆತ್ತಗಿದೆ. ಮುದ್ರೆ ಬಿಳಿಯಾಗಿ ಬಂದಿತೆನ್ನೋಣ. ಮುದ್ರೆ ಕಂದಾಗಿದ್ದರೆ ಚಿಪ್ಪಣಬೆಯನ್ನೇ ಹೋಲುವ ಕ್ರೆಪಿಡೋಟಸ್ ಎಂದು ಸಂಶಯಪಡಬೇಕಾಗುತ್ತಿತ್ತು. ಆದುದರಿಂದ ಇದು ಚಿಪ್ಪಣಬೆಯ ಕುಲದ್ದೆಂದು ಊಹಿಸಲು ಬಲವಾದ ಆಧಾರವಿದೆ. ಆದರೆ ಜಪಾನಿನ ಆ ವಿಷದ ಅಣಬೆಯ ಮುದ್ರೆಯೂ ಬಿಳಿಯೇ, ಅದರ ಪದರುಗಳೂ ತೊಟ್ಟಿನ ಮೇಲೆ ಇಳಿಯುವವೇ. ಅದರ ಕುಲದವು ನಮ್ಮ ದೇಶದಲ್ಲಿಯೂ ಇವೆ. ಕುಲವನ್ನು ಊಹಿಸುವುದು ಬೇರೆ, ಜಾತಿಯನ್ನು ನಿಶ್ಚಯಿಸುವುದು ಬೇರೆ, ತಟ್ಟೆಗೆ ಬಡಿಸುವುದು ಇನ್ನೂ ಬೇರೆ.

ಆದ್ದರಿಂದ ಉಪಾಧ್ಯಾಯನು ಹೇಳಬೇಕಾದ ಮಾತು ಇಷ್ಟು: "ಇದು ಚಿಪ್ಪಣಬೆಯ ಕುಲದಂತೆ ಕಾಣುತ್ತದೆಯಪ್ಪ. ನೋಡು, ಬರೆದಿಡು, ಚಿತ್ರ ತೆಗೆ. ಆದರೆ ತಿನ್ನಬೇಡ. ತಿನ್ನುವ ಆಸೆಯಿದ್ದರೆ ಬೆಳೆಸಿದ್ದನ್ನು ಕೊಂಡು ತಿನ್ನೋಣ."

ಯಾರಾದರೂ ತಿಳಿಯದೆ ತಿಂದು ವಾಂತಿ, ಹೊಟ್ಟೆನೋವು ಕಾಣಿಸಿಕೊಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು, ಉಳಿದ ಅಣಬೆಯ ತುಂಡನ್ನೂ ಜೊತೆಗೆ ಕೊಂಡೊಯ್ಯಬೇಕು. ತಿಂದು ಆರು ಗಂಟೆಗಳ ಮೇಲೆ ಆರಂಭವಾಗುವ ಬಾಧೆ ಹೆಚ್ಚು ಭಯಂಕರ. ನಡುವೆ ಒಂದು ದಿನ ಗುಣವಾದಂತೆ ತೋರಿದರೂ ಒಳಗೆ ಯಕೃತ್ತು ಹಾಳಾಗುತ್ತಿರಬಹುದು.

ಪ್ರತಿಯೊಂದು ಶಾಲೆಯೂ ಮಳೆಗಾಲದಲ್ಲಿ ಒಂದು ದಾಖಲೆ ಪುಸ್ತಕವನ್ನು ಇಟ್ಟು, ಕಂಡ ಅಣಬೆಯ ಸ್ಥಳ, ಮರ, ದಿನ, ಅಡಿಭಾಗದ ಚಿತ್ರ, ಬೀಜಾಣುಗಳ ಮುದ್ರೆ ಇವನ್ನು ಮಕ್ಕಳ ಕೈಯಿಂದಲೇ ಬರೆಯಿಸುವುದು ಶ್ರೇಯಸ್ಕರ. 1974ರಲ್ಲಿ ಮೇಲುಕೋಟೆಯ ಕಾಡೂ 1981ರಲ್ಲಿ ಆದಿಚುಂಚನಗಿರಿಯ ನವಿಲುಧಾಮವೂ ರಕ್ಷಿತಾರಣ್ಯಗಳಾಗಿ ಘೋಷಿತವಾಗಿರುವುದರಿಂದ ಅಲ್ಲಿ ಕೀಳದೆ ನೋಡಿ ಬರೆಯುವುದಷ್ಟೇ ಯುಕ್ತ. ಹತ್ತು ಮಳೆಗಾಲಗಳ ಅಂಥ ಪುಸ್ತಕವೊಂದು ಸಿದ್ಧವಾದರೆ ಈ ನಾಲ್ಕು ತಾಲ್ಲೂಕುಗಳ ಮರದಣಬೆಗಳ ನಿಜವಾದ ಕೋಶವು ದೊರೆತಂತಾಗುತ್ತದೆ. ಹೆಸರನ್ನು ಕೇಳಿ ನಂಬುವ ಮಗುವು ಲಕ್ಷಣವನ್ನು ನೋಡಿ ನಿಶ್ಚಯಿಸುವ, ನಿಶ್ಚಯವಾಗದಿದ್ದರೆ ಕೈ ಹಿಂತೆಗೆಯುವ ಮನುಷ್ಯನಾಗಿ ಬೆಳೆದರೆ, ಕೊಳೆತ ದಿಮ್ಮಿಯೊಂದು ಕಲಿಸಬೇಕಾದ ಪಾಠವನ್ನು ಕಲಿಸಿದೆಯೆಂದೇ ತಿಳಿಯಬೇಕು.